ಕೆಂಪು ಪ್ಲಸ್ಸಿನಿಂದ ಶುರುವಾದದ್ದು: ಯುದ್ಧದ ಕಾನೂನು, ವಾಸ್ಕೋ ಬಂದರಿನಿಂದ ನೋಡಿದಂತೆ

ಒಂದೆರಡು ವರ್ಷದ ಹಿಂದೆ, ಮಳೆ ಹಿಡಿಯುವ ಮುಂಚೆ, ಗೋವಾದ ವಾಸ್ಕೋದಲ್ಲಿ ನಾವು ಕೆಲವು ಕನ್ನಡದವರು ಸೇರಿ ಉಚಿತ ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದೆವು. ಬಿ.ಪಿ., ಶುಗರ್, ಕಣ್ಣು, ಅಷ್ಟೇ. ಬ್ಯಾನರ್ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಫ್ಲೆಕ್ಸ್ ಅಂಗಡಿಯ ಹುಡುಗ ಕೇಳುವ ಮುಂಚೆಯೇ ಬಿಳಿ ಹಿನ್ನೆಲೆಯಲ್ಲಿ ದೊಡ್ಡದೊಂದು ಕೆಂಪು ಪ್ಲಸ್ ಹಾಕಿ ಕೊಟ್ಟ. ಚೆನ್ನಾಗೇ ಕಾಣುತ್ತಿತ್ತು. ಮನೆಗೆ ತಂದು ಬಿಚ್ಚಿ ತೋರಿಸಿದೆ. ಪುಣೆಯಲ್ಲಿ ಕಾನೂನು ಓದುವ ಅಣ್ಣನ ಮಗಳು ರಜೆಗೆ ಬಂದಿದ್ದಳು. ನೋಡಿದವಳೇ ಅಂದಳು, "ಕಾಕಾ, ಇದನ್ನ ಕಟ್ಟಬ್ಯಾಡ್ರಿ. ಕಾಯ್ದೆಕ್ಕ ವಿರುದ್ಧ ಆಗ್ತದ."

"ಯಾಕವ್ವಾ, ದವಾಖಾನಿ ಗುರುತಲ್ಲೇನು ಇದು?"

"ದವಾಖಾನಿದಲ್ಲರಿ ಕಾಕಾ, ಯುದ್ಧದ್ದು."

ನಾನು ಬಂದರಿನ ಕ್ಲಿಯರಿಂಗ್ ಆಫೀಸೊಂದರಲ್ಲಿ ಕೆಲಸ ಮಾಡುವವನು. ಬಿಲ್ ಆಫ್ ಎಂಟ್ರಿ, ಮ್ಯಾನಿಫೆಸ್ಟ್, ಸೀಲು, ಸಹಿ, ಇದೇ ನನ್ನ ಲೋಕ. ಯುದ್ಧದ ಕಾನೂನು ಅಂದರೆ ಜಿನೀವಾದಲ್ಲಿ ಸೂಟು ಹಾಕಿಕೊಂಡವರು ಆಡುವ ಮಾತು ಅಂತಲೇ ತಿಳಿದಿದ್ದೆ. ಅವಳು ಬಿಟ್ಟುಹೋದ ಪುಸ್ತಕಗಳನ್ನು ಓದುತ್ತಾ ಹೋದಂತೆ, ಅರೆ, ಇದು ನಮ್ಮ ಕೆಲಸದ ಹಾಗೇ ಇದೆಯಲ್ಲ ಅನ್ನಿಸಿತು. ಗುರುತು, ಪಟ್ಟಿ, ಚೀಟಿ, ನೋಂದಣಿ. ಯಾರ ತೋಳಿನ ಮೇಲೆ ಯಾವ ಗುರುತಿದೆ, ಯಾರ ಹೆಸರು ಯಾವ ಪಟ್ಟಿಯಲ್ಲಿದೆ ಅನ್ನುವುದರ ಮೇಲೆ ಒಬ್ಬ ಮನುಷ್ಯ ಉಳಿಯುವುದು, ಸಾಯುವುದು ನಿಂತಿರುತ್ತದೆ. ಇನ್ನೂ ಮಜಾ ಏನೆಂದರೆ, ಇದರ ಎಷ್ಟೋ ಪಾಠ ನಮ್ಮ ವಾಸ್ಕೋದ ಮುರ್ಗಾಂವ್ ಬಂದರಿನ ಸುತ್ತಮುತ್ತಲೇ ನಡೆದುಹೋಗಿದೆ.

ಮೊದಲು ಆ ಗುರುತಿನ ಕತೆ. 1859ರ ಜೂನ್ 24ರಂದು ಉತ್ತರ ಇಟಲಿಯ ಸೋಲ್ಫೆರಿನೋ ಎಂಬಲ್ಲಿ ಒಂದು ದೊಡ್ಡ ಯುದ್ಧ ನಡೆಯಿತು. ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 40,000 ಮಂದಿ. ಹೆನ್ರಿ ಡ್ಯೂನಾಂಟ್ ಎಂಬ ಜಿನೀವಾದ ವ್ಯಾಪಾರಿ ಆ ಕಡೆ ಹೋದದ್ದು ಸೇವೆ ಮಾಡಲಿಕ್ಕಲ್ಲ. ಅಲ್ಜೀರಿಯಾದಲ್ಲಿ ಅವನ ಕಂಪನಿಗೆ ನೀರಿನ ಹಕ್ಕು ಬೇಕಿತ್ತು. ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಸೇನೆಯ ಜೊತೆ ಅಲ್ಲಿದ್ದ. ಫೈಲ್ ಹಿಡಿದು ಸಾಹೇಬರನ್ನು ಹುಡುಕುತ್ತಾ ಯುದ್ಧಭೂಮಿಗೇ ಹೋದ ಮನುಷ್ಯ ಅವನು. ಇಂಥವರನ್ನು ನಾನು ದಿನಾ ನೋಡುತ್ತೇನೆ, ಹಾಗಾಗಿ ಅವನ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ಗಾಯಾಳುಗಳು ನೀರಿಲ್ಲದೆ ನರಳುತ್ತಿದ್ದರು. ಪಕ್ಕದ ಊರಿನ ಹೆಂಗಸರು ಇವನು ಯಾವ ಕಡೆಯವನು ಅಂತ ಕೇಳದೆ ಎಲ್ಲರಿಗೂ ನೀರು ಕುಡಿಸಿ ಪಟ್ಟಿ ಕಟ್ಟುತ್ತಿದ್ದರು. ಡ್ಯೂನಾಂಟ್ ಫೈಲ್ ಮರೆತು ಅವರ ಜೊತೆ ನಿಂತ.

ಕಂಡದ್ದನ್ನು 1862ರಲ್ಲಿ ಬರೆದ. 1863ರಲ್ಲಿ ಜಿನೀವಾದಲ್ಲಿ ಒಂದು ಸಮಿತಿ ಹುಟ್ಟಿತು. ಮುಂದೆ ಅದೇ ರೆಡ್ ಕ್ರಾಸ್ ಆಯಿತು. 1864ರಲ್ಲಿ ಮೊದಲ ಜಿನೀವಾ ಒಪ್ಪಂದ ಬಂತು. ಬರೀ ಹತ್ತು ಕಲಮು. ಗಾಯಗೊಂಡ ಸೈನಿಕ ಯಾವ ಕಡೆಯವನಾದರೂ ಆರೈಕೆ ಮಾಡಬೇಕು. ಆರೈಕೆ ಮಾಡುವವರ ಮೇಲೆ ಗುಂಡು ಹಾರಿಸಬಾರದು. ಅವರು ದೂರದಿಂದಲೇ ಗೊತ್ತಾಗಲಿ ಅಂತ ಒಂದು ಚಿಹ್ನೆ ಇರಬೇಕು. ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣ ಅದಲುಬದಲು ಮಾಡಿದರೆ ಬರುವುದೇ ಆ ಚಿಹ್ನೆ. ಆಮೇಲೆ ಕೆಂಪು ಅರ್ಧಚಂದ್ರ ಸೇರಿತು, 2005ರಲ್ಲಿ ಕೆಂಪು ಸ್ಫಟಿಕ. ಡ್ಯೂನಾಂಟನ ವ್ಯಾಪಾರ ಮಾತ್ರ ಮುಳುಗಿ ಹೋಯಿತು. 1901ರ ಮೊಟ್ಟಮೊದಲ ಶಾಂತಿ ನೊಬೆಲ್‌ನಲ್ಲಿ ಅವನಿಗೆ ಪಾಲು ಸಿಕ್ಕಿತು.

ಆ ಚಿಹ್ನೆಯನ್ನು ಇಷ್ಟು ಬಿಗಿಯಾಗಿ ಕಾಯುವುದು ಯಾಕೆ ಅಂದರೆ, ಅದು "ಇಲ್ಲಿ ಔಷಧ ಸಿಗುತ್ತದೆ" ಅಂತ ಹೇಳುವ ಬೋರ್ಡ್ ಅಲ್ಲ. "ಹೊಡೆಯಬೇಡ" ಅಂತ ಹೇಳುವ ಬೋರ್ಡ್. ಬಂದೂಕು ಹಿಡಿದವನು ಕಿಲೋಮೀಟರ್ ದೂರದಲ್ಲಿರುತ್ತಾನೆ, ವಿಮಾನದಲ್ಲಿದ್ದವನು ಇನ್ನೂ ದೂರ. ಅವನಿಗೆ ನಂಬಿಕೆ ಇರಬೇಕು. ಮೆಡಿಕಲ್ ಶಾಪು, ಡಾಕ್ಟರ ಕಾರು, ಕಂಡಕಂಡವರ ಸ್ಕೂಟರ್, ಎಲ್ಲದರ ಮೇಲೂ ಅದೇ ಗುರುತು ಬಂದರೆ ಕೊನೆಗೆ ಅದಕ್ಕೆ ಬೆಲೆಯೇ ಉಳಿಯುವುದಿಲ್ಲ. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಅದನ್ನು ಬಳಸುವಂತಿಲ್ಲ. ಕಾಯ್ದೆ ಬರೆದಾಗ ಇಟ್ಟ ದಂಡ 500 ರೂಪಾಯಿಯವರೆಗೆ. ನಾನು ಬ್ಯಾನರಿಗೆ ಕೊಟ್ಟದ್ದೇ ಅದಕ್ಕಿಂತ ಜಾಸ್ತಿ.

ಈಗ ಬಂದರಿಗೆ ಬರೋಣ. ಎರಡನೇ ಮಹಾಯುದ್ಧದಲ್ಲಿ ಗೋವಾ ಪೋರ್ಚುಗಲ್ ಕೈಯಲ್ಲಿತ್ತು, ಪೋರ್ಚುಗಲ್ ತಟಸ್ಥವಾಗಿತ್ತು. ಹಾಗಾಗಿ ಬ್ರಿಟಿಷರಿಂದ ತಪ್ಪಿಸಿಕೊಂಡ ಜರ್ಮನಿಯ ಮೂರು ಹಡಗು, ಇಟಲಿಯ ಒಂದು ಹಡಗು ಮುರ್ಗಾಂವ್‌ನಲ್ಲಿ ಲಂಗರು ಹಾಕಿ ಕೂತಿದ್ದವು. ಎಹ್ರೆನ್‌ಫೆಲ್ಸ್ ಎಂಬ ಜರ್ಮನ್ ಹಡಗಿನಲ್ಲಿ ಗುಟ್ಟಾಗಿ ಒಂದು ರೇಡಿಯೋ ಇದೆ, ಅದರಿಂದ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆ ಅಂತ ಬ್ರಿಟಿಷರಿಗೆ ಗೊತ್ತಾಯಿತು. ಸೇನೆ ಕಳಿಸಿದರೆ ತಟಸ್ಥ ದೇಶದ ಮೇಲೆ ದಾಳಿ ಮಾಡಿದಂತಾಗುತ್ತದೆ. ಅದಕ್ಕೆ ಕಲ್ಕತ್ತಾ ಲೈಟ್ ಹಾರ್ಸ್ ಎಂಬ, ನಡುವಯಸ್ಸು ದಾಟಿದ ಮೀಸಲು ಸಿಪಾಯಿಗಳ ಗುಂಪನ್ನು ಒಂದು ಹಳೇ ದೋಣಿಯಲ್ಲಿ ಕಳಿಸಿದರು. 1943ರ ಮಾರ್ಚ್ 9ರ ರಾತ್ರಿ ಅವರು ಹಡಗು ಹತ್ತಿದರು. ಎಹ್ರೆನ್‌ಫೆಲ್ಸ್‌ನ ಕ್ಯಾಪ್ಟನ್ ಸತ್ತ. ಹಡಗುಗಳವರೇ ತಮ್ಮ ತಮ್ಮ ಹಡಗು ಮುಳುಗಿಸಿದರು. 1978ರವರೆಗೆ ಈ ವಿಷಯ ಗುಟ್ಟಾಗಿಯೇ ಇತ್ತು.

ಕತೆ ರೋಚಕ, ಆದರೆ ಕಾನೂನಿನ ಕಣ್ಣಲ್ಲಿ ಇಬ್ಬರೂ ತಪ್ಪಿತಸ್ಥರು. 1907ರ ಹೇಗ್ ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ: ತಟಸ್ಥ ಬಂದರಿನಲ್ಲಿ ಕೂತು ಯುದ್ಧದ ರೇಡಿಯೋ ನಡೆಸುವಂತಿಲ್ಲ, ತಟಸ್ಥ ದೇಶದ ನೀರಿನೊಳಗೆ ನುಗ್ಗಿ ಕಾದಾಡುವಂತೆಯೂ ಇಲ್ಲ. ಒಬ್ಬ ಮುರಿದ ಅಂತ ಇನ್ನೊಬ್ಬನ ತಪ್ಪು ತೊಳೆದು ಹೋಗುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಬಂದರು ಬೇರೆಯೇ ದೃಶ್ಯ ನೋಡಿತು. ಗ್ರಿಪ್ಸ್‌ಹೋಮ್ ಎಂಬ ಸ್ವೀಡನ್ನಿನ ಹಡಗು ಅಮೆರಿಕದಿಂದ ಜಪಾನೀಯರನ್ನು ಹೊತ್ತು ಬಂತು. ತೇಯಾ ಮಾರು ಎಂಬ ಜಪಾನಿ ಹಡಗು ಅಮೆರಿಕ, ಕೆನಡಾ ಕಡೆಯವರನ್ನು ತಂದಿತು. ಒಂದೊಂದರಲ್ಲೂ ಸುಮಾರು 1,500 ಜನ. ಪಾದ್ರಿಗಳು, ಮೇಷ್ಟ್ರುಗಳು, ವ್ಯಾಪಾರಿಗಳು, ಹೆಂಗಸರು, ಮಕ್ಕಳು. ಯುದ್ಧ ಶುರುವಾದಾಗ ಶತ್ರು ದೇಶದಲ್ಲಿ ಸಿಕ್ಕಿಬಿದ್ದವರು ಅಷ್ಟೇ. ಇಲ್ಲಿ ಹಡಗು ಬದಲಿಸಿ ಊರಿಗೆ ಹೋದರು. ಜಪಾನಿನ ಕೈಯಲ್ಲಿದ್ದ ಯುದ್ಧಕೈದಿಗಳಿಗಾಗಿ ರೆಡ್ ಕ್ರಾಸ್ ಪೊಟ್ಟಣಗಳೂ ಇಲ್ಲೇ ಈ ಹಡಗಿನಿಂದ ಆ ಹಡಗಿಗೆ ಹೋದವು. ಯುದ್ಧದ ಕಾಲದಲ್ಲಿ ಹಡಗುಗಳೆಲ್ಲ ದೀಪ ಆರಿಸಿ ಕತ್ತಲಲ್ಲಿ ಓಡುತ್ತವೆ. ಗ್ರಿಪ್ಸ್‌ಹೋಮ್ ಮಾತ್ರ ಮದುವೆ ಮನೆಯಂತೆ ದೀಪ ಹಚ್ಚಿಕೊಂಡು ಸಾಗಿತ್ತು. ಎಲ್ಲರಿಗೂ ಕಾಣಲಿ, ಯಾರೂ ಹೊಡೆಯದಿರಲಿ ಅಂತ. ಕೆಂಪು ಪ್ಲಸ್ಸಿನ ಲೆಕ್ಕವೇ ಇದು, ಬಣ್ಣದ ಬದಲು ಬೆಳಕು.

ಆ ಜನರ ಬಿಡುಗಡೆಗೆ ಎರಡು ವರ್ಷ ಹಿಡಿಯಿತು. ಯಾಕೆಂದರೆ ಆಗ ಸಾಮಾನ್ಯ ನಾಗರಿಕರಿಗಾಗಿಯೇ ಬರೆದ ಜಿನೀವಾ ಒಪ್ಪಂದ ಇರಲಿಲ್ಲ. ಗಾಯಗೊಂಡ ಸೈನಿಕನಿಗೆ ಇತ್ತು, ಯುದ್ಧಕೈದಿಗೆ ಇತ್ತು, ಮೇಷ್ಟ್ರಿಗೆ ಇರಲಿಲ್ಲ. ಎಲ್ಲವೂ ಸರ್ಕಾರಗಳ ಚೌಕಾಶಿ. ಆ ಮಹಾಯುದ್ಧದಲ್ಲಿ ನಾಗರಿಕರಿಗೆ ಏನೇನಾಯಿತು ಅಂತ ನೋಡಿದ ಮೇಲೆ 1949ರ ಆಗಸ್ಟ್ 12ರಂದು ಇಂದಿಗೂ ನಡೆಯುವ ನಾಲ್ಕು ಒಪ್ಪಂದ ಬಂದವು. ಮೊದಲನೆಯದು ನೆಲದ ಮೇಲೆ ಗಾಯಗೊಂಡವರಿಗೆ, ಎರಡನೆಯದು ಸಮುದ್ರದಲ್ಲಿ ಗಾಯಗೊಂಡವರಿಗೆ ಮತ್ತು ಹಡಗು ಮುಳುಗಿದವರಿಗೆ, ಮೂರನೆಯದು ಯುದ್ಧಕೈದಿಗಳಿಗೆ, ನಾಲ್ಕನೆಯದು ನಾಗರಿಕರಿಗೆ. ಜಗತ್ತಿನ ಎಲ್ಲ ದೇಶಗಳೂ ಒಪ್ಪಿವೆ, ಭಾರತ 1950ರಲ್ಲೇ. 1977ರಲ್ಲಿ ಎರಡು ಹೆಚ್ಚುವರಿ ಪ್ರೋಟೋಕಾಲ್, ಅಂದರೆ ಪೂರಕ ಒಪ್ಪಂದ, ಬಂದವು. ಅವಕ್ಕೆ ಭಾರತ ಸೇರಿಲ್ಲ. ಆದರೆ ಅದರಲ್ಲಿರುವ ಮೂಲ ನಿಯಮಗಳು ರೂಢಿಯ ಕಾನೂನೇ ಆಗಿವೆ. ಅಂದರೆ ಸಹಿ ಹಾಕಲಿ ಬಿಡಲಿ, ಎಲ್ಲರೂ ಪಾಲಿಸಬೇಕು.

ಆ ಮೂಲ ನಿಯಮಗಳಲ್ಲಿ ಮೊದಲನೆಯದು, ವಿಂಗಡಣೆ. ಸೈನಿಕನನ್ನು ಹೊಡೆಯಬಹುದು, ನಾಗರಿಕನನ್ನು ಹೊಡೆಯಬಾರದು. ಸೇನೆಯ ಗುರಿಗಳನ್ನು ಹೊಡೆಯಬಹುದು, ಮನೆ, ಶಾಲೆ, ಮಾರ್ಕೆಟ್ಟು ಹೊಡೆಯಬಾರದು. ಕೇಳಲು ಸುಲಭ. ನಮ್ಮ ದಾಬೋಲಿಂ ವಿಮಾನ ನಿಲ್ದಾಣ ನೋಡಿ. ಅದು ನೌಕಾಪಡೆಯ ನೆಲೆ, ಅದರೊಳಗೇ ನಾವು ನೀವು ಹತ್ತಿಳಿಯುವ ಟರ್ಮಿನಲ್. ಒಂದೇ ರನ್‌ವೇ ಮೇಲೆ ಯುದ್ಧವಿಮಾನವೂ ಓಡುತ್ತದೆ, ರಜೆಗೆ ಬಂದವರ ವಿಮಾನವೂ ಓಡುತ್ತದೆ. ಇದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಕಾನೂನು ಹೇಳುವುದು, ಹೆಸರು ನೋಡಬೇಡ, ಬಳಕೆ ನೋಡು. ಒಂದು ವಸ್ತು ತನ್ನ ಸ್ವಭಾವ, ಜಾಗ, ಉದ್ದೇಶ ಅಥವಾ ಬಳಕೆಯಿಂದ ಸೇನೆಯ ಕಾರ್ಯಾಚರಣೆಗೆ ನಿಜವಾಗಿ ನೆರವಾಗುತ್ತಿರಬೇಕು. ಅದನ್ನು ಹೊಡೆದರೆ ಆ ಹೊತ್ತಿಗೆ ಖಚಿತವಾದ ಸೇನಾ ಲಾಭ ಇರಬೇಕು. ಎರಡೂ ಇದ್ದರೆ ಮಾತ್ರ ಅದು ಗುರಿ. 1961ರ ಡಿಸೆಂಬರ್ 18ರಂದು, ಪೋರ್ಚುಗೀಸರಿಂದ ಗೋವಾ ಬಿಡಿಸಿಕೊಳ್ಳುವ ಕಾರ್ಯಾಚರಣೆಯಲ್ಲಿ, ಭಾರತದ ಹನ್ನೆರಡು ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಲಿಂ ಮೇಲೆ ಬಂದಾಗ ಬಾಂಬು ಹಾಕಿದ್ದು ರನ್‌ವೇಗೆ. ಟರ್ಮಿನಲ್ ಕಟ್ಟಡ ಉಳಿಯುವಂತೆ ನೋಡಿಕೊಂಡರು. ಅದೇ ದಿನ ಹಂಟರ್ ವಿಮಾನಗಳು ಬಾಂಬೋಲಿಂನ ವೈರ್‌ಲೆಸ್ ಸ್ಟೇಷನ್ ಹೊಡೆದವು. ಆಗ ಅದು ಸೇನೆಯ ಸಂದೇಶ ಸಾಗಿಸುವ ಜಾಗ, ಸರಿಯಾದ ಗುರಿ. ಇವತ್ತು ಬಾಂಬೋಲಿಂ ಅಂದರೆ ಗೋವಾ ಮೆಡಿಕಲ್ ಕಾಲೇಜು. ನಮ್ಮವರಿಗೆ ಸೀರಿಯಸ್ ಆದರೆ ಓಡಿಹೋಗುವುದು ಅಲ್ಲಿಗೇ. ಊರು ಅದೇ, ಬಳಕೆ ಬೇರೆ, ಹಾಗಾಗಿ ಕಾನೂನೂ ಬೇರೆ.

ಆಸ್ಪತ್ರೆಗೆ ರಕ್ಷಣೆ ಎಲ್ಲಕ್ಕಿಂತ ಜಾಸ್ತಿ. ಒಳಗೆ ಶತ್ರು ಸೈನಿಕರು ಮಲಗಿದ್ದಾರೆ ಅನ್ನುವುದು ಹೊಡೆಯಲು ಕಾರಣವಲ್ಲ. ಕಾವಲುಗಾರನ ಹತ್ತಿರ ಬಂದೂಕಿದೆ ಅನ್ನುವುದೂ ಕಾರಣವಲ್ಲ. ಅಲ್ಲಿಂದಲೇ ಗುಂಡು ಹಾರಿಸುತ್ತಿದ್ದರೆ, ಮದ್ದುಗುಂಡಿನ ಗೋದಾಮು ಮಾಡಿಕೊಂಡಿದ್ದರೆ ರಕ್ಷಣೆ ಹೋಗುತ್ತದೆ. ಆಗಲೂ ಮೊದಲು ಎಚ್ಚರಿಕೆ ಕೊಟ್ಟು, ಸಮಯ ಕೊಡಬೇಕು. ಜನರ ನಡುವೆ ಅಡಗಿ ಕಾದಾಡುವವನು ತಪ್ಪು ಮಾಡುತ್ತಾನೆ, ಅನುಮಾನವಿಲ್ಲ. ಆದರೆ ಅವನು ಅಡಗಿದ ಅಂತ ಆ ಜನರು ಗುರಿಯಾಗುವುದಿಲ್ಲ. ಎಹ್ರೆನ್‌ಫೆಲ್ಸ್ ಪಾಠ ಇಲ್ಲೂ ಅದೇ.

ಎರಡನೆಯ ನಿಯಮ ಎಲ್ಲರೂ ತಪ್ಪಾಗಿ ತಿಳಿದುಕೊಳ್ಳುವಂಥದ್ದು. ಟೀವಿಯಲ್ಲಿ "ಪ್ರಮಾಣ ಮೀರಿದ ದಾಳಿ" ಅಂತ ಕೂಗುತ್ತಾರಲ್ಲ, ಆ ಪ್ರಮಾಣ. ನಿಮ್ಮ ಕಡೆ ಹತ್ತು ಮಂದಿ, ನಮ್ಮ ಕಡೆ ನೂರು ಮಂದಿ ಸತ್ತರು ಅನ್ನುವ ಲೆಕ್ಕ ಅದಲ್ಲ. ಗುರಿ ಸರಿಯಾದದ್ದೇ ಆದರೂ, ಅದನ್ನು ಹೊಡೆಯುವಾಗ ಸುತ್ತಲಿನ ನಾಗರಿಕರಿಗೆ ಆಗಬಹುದಾದ ನಷ್ಟ, ಸಿಗುವ ಸೇನಾ ಲಾಭಕ್ಕೆ ಹೋಲಿಸಿದರೆ ಅತಿಯಾಗಬಾರದು. ಒಂದು ಉದಾಹರಣೆ ಊಹಿಸಿಕೊಳ್ಳಿ. ಮದ್ದುಗುಂಡು ತುಂಬಿದ ಲಾರಿ ವಾಸ್ಕೋ ಮೀನು ಮಾರ್ಕೆಟ್ಟಿನ ಪಕ್ಕ ನಿಂತಿದೆ. ಲಾರಿ ಸರಿಯಾದ ಗುರಿ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಾತ್ರಿ ಎರಡಕ್ಕೆ ನಾಯಿಗಳಷ್ಟೇ ಇರುತ್ತವೆ. ರಾತ್ರಿಯವರೆಗೆ ಕಾಯಲು ಆಗುತ್ತದೆಯೇ? ಊರ ಹೊರಗೆ ಹೋದಾಗ ಹೊಡೆಯಬಹುದೇ? ಸಣ್ಣ ಅಸ್ತ್ರ ಸಾಕೇ? ಎಚ್ಚರಿಕೆ ಕೊಡಬಹುದೇ? ಇದನ್ನೆಲ್ಲ ಯೋಚಿಸಲೇಬೇಕು ಅನ್ನುವುದು ಮೂರನೆಯ ನಿಯಮ, ಮುನ್ನೆಚ್ಚರಿಕೆ. ಅಳೆಯುವುದು ಕೂಡ ದಾಳಿಗೆ ಮುಂಚೆ ಕಮಾಂಡರಿಗೆ ಏನು ಗೊತ್ತಿತ್ತು, ಏನು ಗೊತ್ತಿರಬೇಕಿತ್ತು ಅನ್ನುವುದರಿಂದ. ಆಮೇಲೆ ಎಷ್ಟು ಹೆಣ ಬಿತ್ತು ಅನ್ನುವುದು ಸುಳಿವು ಕೊಡಬಹುದು, ತೀರ್ಪು ಕೊಡುವುದಿಲ್ಲ.

ಇಡೀ ಕಾನೂನಿನಲ್ಲಿ ನನಗೆ ಸಮಾಧಾನ ತರದ ಭಾಗ ಇದೇ. ಕಸ್ಟಮ್ಸ್ ಟ್ಯಾರಿಫ್ ಪುಸ್ತಕದಲ್ಲಿ ಗೋಡಂಬಿಗೆ ಒಂದು ದರ, ಕಬ್ಬಿಣಕ್ಕೆ ಒಂದು ದರ ಇರುತ್ತದೆ. ಇಲ್ಲಿ ಒಂದು ಫಿರಂಗಿಗೆ ಎಷ್ಟು ಮನೆ ಅಂತ ದರಪಟ್ಟಿ ಇಲ್ಲ. "ಅತಿ" ಅಂದರೆ ಎಷ್ಟು? ಅಣ್ಣನ ಮಗಳನ್ನು ಕೇಳಿದೆ. "ಕಾಕಾ, ಅದಕ್ಕ ಲೆಕ್ಕ ಇಲ್ಲ, ವಿವೇಕ ಐತಿ" ಅಂದಳು. ವಿವೇಕಕ್ಕೆ ಸೀಲು ಒತ್ತಲು ಆಗುವುದಿಲ್ಲ. ಪ್ರತಿಯೊಂದು ಸೇನೆಯೂ ತಾನು ಅಳೆದೇ ಹೊಡೆದೆ ಅನ್ನುತ್ತದೆ, ಹೊರಗಿನವರಿಗೆ ಆ ಅಳತೆಯ ಕಾಗದ ನೋಡಲು ಸಿಗುವುದೇ ಇಲ್ಲ.

ಇನ್ನು ಮೋಸದ ವಿಷಯ. ಯುದ್ಧದಲ್ಲಿ ಮೋಸ ಮಾಡಬಹುದೇ? ಮಾಡಬಹುದು, ಒಂದು ಗೆರೆಯವರೆಗೆ. ಸೊಪ್ಪು ಹೊದ್ದು ಅಡಗುವುದು, ಸುಳ್ಳು ಸುದ್ದಿ ಹಬ್ಬಿಸುವುದು, ಮರದ ಫಿರಂಗಿ ನಿಲ್ಲಿಸುವುದು, ಎಲ್ಲ ನಡೆಯುತ್ತದೆ. ಆದರೆ ಕಾನೂನಿನ ರಕ್ಷಣೆಯನ್ನೇ ಮುಸುಕು ಮಾಡಿಕೊಂಡು ಕೊಲ್ಲುವಂತಿಲ್ಲ. ಬಿಳಿ ಬಾವುಟ ಹಿಡಿದು ಹತ್ತಿರ ಕರೆದು ಗುಂಡು ಹಾರಿಸುವುದು, ಗಾಯಾಳುವಿನಂತೆ ಬಿದ್ದುಕೊಂಡು ಹೊಡೆಯುವುದು, ಕೆಂಪು ಪ್ಲಸ್ ಇರುವ ಗಾಡಿಯಲ್ಲಿ ಕಮಾಂಡೋಗಳನ್ನು ತುಂಬಿ ನುಗ್ಗಿಸುವುದು, ಇವು ವಿಶ್ವಾಸಘಾತ.

ನಮ್ಮೂರ ದೊಡ್ಡಾಟದಲ್ಲಿ ನನ್ನ ಸೋದರಮಾವ ದ್ರೋಣನ ಪಾತ್ರ ಮಾಡುತ್ತಿದ್ದ. ಇದನ್ನು ಓದುವಾಗ ಅವನ ನೆನಪಾಯಿತು. "ಅಶ್ವತ್ಥಾಮ ಸತ್ತ" ಅಂತ ಕೂಗಿಸಿದ್ದು ಅಧರ್ಮ ಅಂತ ಊರೆಲ್ಲ ಚರ್ಚೆ ಮಾಡುತ್ತಿತ್ತು. ಇವತ್ತಿನ ಕಾನೂನು ಆ ಸುಳ್ಳನ್ನು ಮಾಫಿ ಮಾಡುತ್ತದೆ, ಅದು ಬರೀ ಸುಳ್ಳು ಸುದ್ದಿ. ಆದರೆ ಅದನ್ನು ಕೇಳಿದ ದ್ರೋಣ ಬಿಲ್ಲು ಕೆಳಗಿಟ್ಟು ಕೂತ ಮೇಲೆ ಧೃಷ್ಟದ್ಯುಮ್ನ ತಲೆ ಕಡಿದನಲ್ಲ, ಅದನ್ನು ಖಂಡಿತ ಬಿಡುವುದಿಲ್ಲ. ಅಸ್ತ್ರ ಕೆಳಗಿಟ್ಟವನು ಹೋರಾಟದಿಂದ ಹೊರಗಾದವನು. ಇನ್ನೊಂದು ವಿಚಿತ್ರ. ಅಶ್ವತ್ಥಾಮ ರಾತ್ರಿ ಬಿಡಾರಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದದ್ದು ನಮಗೆಲ್ಲ ಹೇಯ. ಇವತ್ತಿನ ಕಾನೂನಿನಲ್ಲಿ ಮಲಗಿರುವ ಸೈನಿಕ ಕೂಡ ಸೈನಿಕನೇ, ಅವನ ಮೇಲೆ ದಾಳಿ ಮಾಡಬಹುದು. ಉತ್ತರೆಯ ಗರ್ಭಕ್ಕೆ ಅಸ್ತ್ರ ಬಿಟ್ಟದ್ದಕ್ಕೆ ಮಾತ್ರ ಎರಡೂ ಕಡೆ ಕ್ಷಮೆ ಇಲ್ಲ. ಮಾವ ಇದ್ದಿದ್ದರೆ ಈ ವಿಷಯದ ಮೇಲೆ ಬೆಳತನಕ ವಾದ ಮಾಡುತ್ತಿದ್ದ.

ಅಸ್ತ್ರಗಳ ಮೇಲೂ ಮಿತಿ ಇದೆ. ಅನಗತ್ಯವಾಗಿ ನರಳಿಸುವಂಥದ್ದು ಬೇಡ ಅನ್ನುವುದು ತಳಹದಿ. 1868ರಲ್ಲೇ ದೇಹದೊಳಗೆ ಸಿಡಿಯುವ ಗುಂಡುಗಳನ್ನು ಕೈಬಿಟ್ಟರು, 1925ರಲ್ಲಿ ವಿಷಾನಿಲ ಬಳಸದಿರಲು ಒಪ್ಪಿದರು, 1993ರಲ್ಲಿ ರಾಸಾಯನಿಕ ಅಸ್ತ್ರ ಇಟ್ಟುಕೊಳ್ಳುವುದನ್ನೇ ನಿಷೇಧಿಸಿದರು. ಅಣುಬಾಂಬಿನ ಪ್ರಶ್ನೆಗೆ 1996ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ಉತ್ತರ ಅರ್ಧಂಬರ್ಧ: ಸಾಮಾನ್ಯವಾಗಿ ಈ ಕಾನೂನಿಗೆ ವಿರುದ್ಧ, ಆದರೆ ದೇಶದ ಉಳಿವೇ ಪ್ರಶ್ನೆಯಾದಾಗ ಏನೆಂದು ಖಡಾಖಂಡಿತ ಹೇಳಲಾಗದು.

ಇದರ ಪಕ್ಕದಲ್ಲೇ ಒಂದು ಪಟ್ಟಿಯ ಕತೆ ಇದೆ. ಅಣುಸ್ಥಾವರ, ಅಣೆಕಟ್ಟು ಒಡೆದು ಜನ ಸಾಯುವಂತೆ ದಾಳಿ ಮಾಡಬಾರದು ಅಂತ 1977ರ ಮೊದಲ ಪ್ರೋಟೋಕಾಲ್ ಹೇಳುತ್ತದೆ. ಭಾರತ ಅದರಲ್ಲಿಲ್ಲ, ಪಾಕಿಸ್ತಾನವೂ ಇಲ್ಲ. ಆದರೆ 1988ರ ಡಿಸೆಂಬರ್ 31ರಂದು ಎರಡೂ ದೇಶ ತಮ್ಮ ತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡವು: ನಿನ್ನ ಅಣುಕೇಂದ್ರಗಳನ್ನು ನಾನು ಮುಟ್ಟುವುದಿಲ್ಲ, ನನ್ನದನ್ನು ನೀನು ಮುಟ್ಟಬೇಡ. 1992ರಿಂದ ಪ್ರತಿ ಜನವರಿ 1ರಂದು ಎರಡೂ ಕಡೆಯವರು ತಮ್ಮ ಅಣುಕೇಂದ್ರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಕಾರ್ಗಿಲ್ ಆದ ಮೇಲೂ ಕೊಟ್ಟರು, ಪುಲ್ವಾಮಾ ಆದ ಮೇಲೂ ಕೊಟ್ಟರು. ಕಾರವಾರದ ಹಿಂದಿನ ಕೈಗಾ ಸ್ಥಾವರ ನಮ್ಮಿಂದ ಏನೂ ದೂರವಲ್ಲ. ಹೊಸ ವರ್ಷದ ದಿನ ಪೇಪರಿನ ಒಳಪುಟದಲ್ಲಿ ಆ ಸಣ್ಣ ಸುದ್ದಿ ಬಂದಿದೆಯೇ ಅಂತ ನಾನು ಈಗ ಹುಡುಕಿ ನೋಡುತ್ತೇನೆ.

ಈಗ ಕೈದಿಗಳು. ಯುದ್ಧಕೈದಿ ಅಪರಾಧಿ ಅಲ್ಲ. ಇದು ಅರ್ಥವಾದರೆ ಮೂರನೇ ಒಪ್ಪಂದ ಅರ್ಧ ಅರ್ಥವಾದಂತೆ. ನಿಯಮದೊಳಗೆ ಕಾದಾಡಿದ ಸೈನಿಕನ ಮೇಲೆ ಕಾದಾಡಿದ್ದಕ್ಕೆ ಕೇಸು ಹಾಕುವಂತಿಲ್ಲ. ಅವನನ್ನು ಹಿಡಿದಿಡುವುದು ಮತ್ತೆ ರಣರಂಗಕ್ಕೆ ಹೋಗದಿರಲಿ ಅಂತ ಅಷ್ಟೇ. ಅವನು ಹೇಳಬೇಕಾದದ್ದು ನಾಲ್ಕೇ: ಹೆಸರು, ದರ್ಜೆ, ಹುಟ್ಟಿದ ದಿನ, ಸೇವಾ ಸಂಖ್ಯೆ. ಸಿಕ್ಕಿಬಿದ್ದ ಒಂದು ವಾರದೊಳಗೆ ಮನೆಗೆ ಒಂದು ಕಾರ್ಡು ಬರೆಯಲು ಬಿಡಬೇಕು. ಕೈದಿಗಳ ವಿವರ ಇಡಲು ಒಂದು ಮಾಹಿತಿ ಕಚೇರಿ ತೆರೆಯಬೇಕು. ತಂಬಾಕು ಬೇಕೆಂದರೆ ಬಿಡಬೇಕು. ತಿಂಗಳಿಗೆ ಮುಂಗಡ ಸಂಬಳ ಕೂಡ ಇದೆ. ಸಾರ್ಜೆಂಟ್‌ಗಿಂತ ಕೆಳಗಿನವನಿಗೆ 8 ಸ್ವಿಸ್ ಫ್ರಾಂಕ್, ಜನರಲ್‌ಗೆ 75. 1949ರಲ್ಲಿ ಬರೆದ ದರ. ಓಡಿಹೋಗಲು ಪ್ರಯತ್ನಿಸಿ ಸಿಕ್ಕಿಬಿದ್ದರೆ ಶಿಸ್ತಿನ ಶಿಕ್ಷೆ ಮಾತ್ರ, ಯಾಕೆಂದರೆ ತಪ್ಪಿಸಿಕೊಳ್ಳುವುದು ಸೈನಿಕನ ಕೆಲಸ ಅಂತ ಎಲ್ಲರಿಗೂ ಗೊತ್ತು.

2019ರ ಫೆಬ್ರುವರಿ 27ರಂದು ವಿಂಗ್ ಕಮಾಂಡರ್ ಅಭಿನಂದನ್ ಸಿಕ್ಕಿಬಿದ್ದ ವೀಡಿಯೋ ನಾವೆಲ್ಲ ನೋಡಿದ್ದೇವೆ. ಹೆಸರು, ಸಂಖ್ಯೆ ಹೇಳಿ, ಮುಂದಿನದಕ್ಕೆ "ಹೇಳುವಂತಿಲ್ಲ" ಅಂದರು. ಅದು ಕಾನೂನಿನ ಪಾಠವೇ. ಆದರೆ ಆ ವೀಡಿಯೋ ಹರಿಬಿಟ್ಟದ್ದು ತಪ್ಪು. ಕೈದಿಯನ್ನು ಅವಮಾನದಿಂದಲೂ ಜನರ ಕುತೂಹಲದಿಂದಲೂ ಕಾಪಾಡಬೇಕು ಅಂತ ಅದೇ ಒಪ್ಪಂದದಲ್ಲಿದೆ. ಹಾಗೆ ನೋಡಿದರೆ ಅದನ್ನು ಹತ್ತು ಗುಂಪಿಗೆ ಫಾರ್ವರ್ಡ್ ಮಾಡಿದ ನಾನೇನು ಸಾಚಾ?

ನಮ್ಮ ಕೊಡಗಿನ ಕತೆ ಇನ್ನೂ ಹಳೆಯದು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ನಂದಾ ಕಾರ್ಯಪ್ಪ, ವಿಮಾನ ಉರುಳಿ ಪಾಕಿಸ್ತಾನದ ಕೈಗೆ ಸಿಕ್ಕರು. ಉರುಳುತ್ತಿರುವ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಯುವ ಪೈಲಟ್‌ಗೆ ಗಾಳಿಯಲ್ಲಿ ಗುಂಡು ಹಾರಿಸುವಂತಿಲ್ಲ, ಅದೂ ಒಂದು ನಿಯಮ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಟ್ಟುಕಳಿಸುತ್ತೇನೆ ಅಂದರಂತೆ. ಎಲ್ಲ ಕೈದಿಗಳೂ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಉಪಚಾರ ಬೇಡ ಅಂತ ಕಾರ್ಯಪ್ಪ ಉತ್ತರ ಕೊಟ್ಟರು ಅಂತ ಕೊಡಗಿನಲ್ಲಿ ಇವತ್ತಿಗೂ ಹೇಳುತ್ತಾರೆ. ಕೈದಿಗಳಲ್ಲಿ ಭೇದ ಮಾಡಬಾರದು ಅನ್ನುವ ಕಲಮನ್ನು ಇದಕ್ಕಿಂತ ಸರಳವಾಗಿ ಯಾರೂ ಹೇಳಿಲ್ಲ.

ಮತ್ತೆ ಗೋವಾ, 1961. ಕೊನೆಯವರೆಗೆ ಕಾದಾಡಿ, ಗೆದ್ದ ಸೈನಿಕರು ಇಲ್ಲವೇ ಸತ್ತ ಸೈನಿಕರು ಇರಬೇಕು, ಕೈದಿಗಳು ಇರಬಾರದು ಅನ್ನುವ ಅರ್ಥದ ಆದೇಶ ಲಿಸ್ಬನ್‌ನಿಂದ ಪೋರ್ಚುಗಲ್‌ನ ಪ್ರಧಾನಿ ಸಲಜಾರ್ ಕಳಿಸಿದ್ದ. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಪಾಲಿಸಲಿಲ್ಲ. ಡಿಸೆಂಬರ್ 19ರಂದು ಶರಣಾದ. ಮೂರು ಸಾವಿರಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರು ಯುದ್ಧಕೈದಿಗಳಾದರು. ನಮ್ಮ ವಾಸ್ಕೋದಲ್ಲಿ, ಪೋಂಡಾದಲ್ಲಿ ಶಿಬಿರಗಳಿದ್ದವು. ಕಾದಾಟ ನಿಂತ ಮೇಲೆ ತಡಮಾಡದೆ ಕೈದಿಗಳನ್ನು ಊರಿಗೆ ಕಳಿಸಬೇಕು ಅಂತ ನಿಯಮ. ಇವರು ಹೊರಟಾಗ 1962ರ ಮೇ ಆಗಿತ್ತು. ಊರಲ್ಲೂ ಹಾರ ತುರಾಯಿ ಕಾದಿರಲಿಲ್ಲ. ವಸ್ಸಾಲೊ ಇ ಸಿಲ್ವಾನನ್ನು ಸೇನೆಯಿಂದಲೇ ತೆಗೆದುಹಾಕಿದರು. 1974ರ ಕ್ರಾಂತಿಯ ನಂತರವಷ್ಟೇ ವಾಪಸ್ ತೆಗೆದುಕೊಂಡರು. 1971ರ ಯುದ್ಧದ ಕೈದಿಗಳದ್ದು ಇನ್ನೂ ಉದ್ದದ ಕತೆ. ಢಾಕಾದಲ್ಲಿ ಶರಣಾದವರು ನಾಗರಿಕರೂ ಸೇರಿ ಸುಮಾರು 93,000 ಮಂದಿ, ಕೊನೆಯವರು ಊರು ಸೇರಿದ್ದು 1974ರಲ್ಲಿ. "ತಡಮಾಡದೆ" ಅನ್ನುವ ಪದವನ್ನು ಸರ್ಕಾರಗಳು ತಮಗೆ ಬೇಕಾದ ಹಾಗೆ ಎಳೆಯುತ್ತವೆ, ನಮ್ಮದೂ ಹೊರತಲ್ಲ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಗೋವಾ ನಮ್ಮದು, ಪೋರ್ಚುಗೀಸರು 450 ವರ್ಷ ಕೂತಿದ್ದವರು, ಅವರಿಗೆಂಥ ಉಪಚಾರ? ಯುದ್ಧ ಮಾಡಿದ್ದು ಸರಿಯೇ ತಪ್ಪೇ ಅನ್ನುವುದಕ್ಕೆ ಬೇರೆಯೇ ಕಾನೂನಿದೆ, ವಿಶ್ವಸಂಸ್ಥೆಯ ಸನ್ನದು. ಅಂದು ಭದ್ರತಾ ಮಂಡಳಿಯಲ್ಲಿ ಅದರ ಮೇಲೆ ಜೋರು ಚರ್ಚೆ ಆಯಿತು, ಸೋವಿಯತ್ ಒಕ್ಕೂಟ ವೀಟೋ ಹಾಕಿತು. ಯುದ್ಧ ಹೇಗೆ ಮಾಡಬೇಕು ಅನ್ನುವ ಈ ಮಾನವೀಯ ಕಾನೂನು ಆ ಚರ್ಚೆಯ ಬಾಗಿಲಿಗೂ ಹೋಗುವುದಿಲ್ಲ, ಬೇಕೆಂತಲೇ. ಯಾಕೆಂದರೆ ಪ್ರತಿಯೊಬ್ಬನೂ ತನ್ನದೇ ಧರ್ಮಯುದ್ಧ ಅನ್ನುತ್ತಾನೆ. "ನ್ಯಾಯ ನಿನ್ನ ಕಡೆ ಇದ್ದರೆ ಕೈದಿಗೆ ಹೊಡೆಯಬಹುದು" ಅಂತ ಒಂದು ಸಾಲು ಬರೆದರೆ, ಮರುದಿನ ಎಲ್ಲ ಕಡೆಯ ಕೈದಿಗಳಿಗೂ ಏಟು ಬೀಳುತ್ತದೆ.

ದೇಶದೊಳಗಿನ ಸಶಸ್ತ್ರ ಸಂಘರ್ಷಕ್ಕೆ ನಿಯಮ ಕಡಿಮೆ. ನಾಲ್ಕೂ ಒಪ್ಪಂದಗಳಲ್ಲಿ ಒಂದೇ ಥರ ಇರುವ ಮೂರನೇ ಕಲಮು ಅಲ್ಲಿ ಆಧಾರ: ಕಾದಾಡದವನನ್ನು ಕೊಲ್ಲಬೇಡ, ಹಿಂಸಿಸಬೇಡ, ಒತ್ತೆ ಇಡಬೇಡ, ಕೋರ್ಟಿಲ್ಲದೆ ಶಿಕ್ಷಿಸಬೇಡ, ಗಾಯಾಳುವನ್ನು ನೋಡಿಕೋ. ಸರ್ಕಾರಕ್ಕೂ ಬಂಡುಕೋರರಿಗೂ ಒಂದೇ ಮಾತು. ಆದರೆ ಬಂಡುಕೋರನಿಗೆ ಯುದ್ಧಕೈದಿಯ ದರ್ಜೆ ಸಿಗುವುದಿಲ್ಲ, ಅವನ ಮೇಲೆ ದೇಶದ ಕಾನೂನಿನಂತೆ ಕೇಸು ನಡೆಸಬಹುದು.

ಮುರಿದರೆ ಯಾರು ಕೇಳುತ್ತಾರೆ? ಮೊದಲು ಅವರವರ ಸೇನೆ, ಅವರವರ ಕೋರ್ಟು. ನಮ್ಮ 1960ರ ಕಾಯ್ದೆಯಲ್ಲಿ ರಕ್ಷಣೆ ಇರುವ ವ್ಯಕ್ತಿಯನ್ನು ಬೇಕೆಂತಲೇ ಕೊಂದರೆ ಮರಣದಂಡನೆ ಅಥವಾ ಜೀವಾವಧಿ, ಉಳಿದ ಗಂಭೀರ ಉಲ್ಲಂಘನೆಗೆ 14 ವರ್ಷದವರೆಗೆ ಜೈಲು. ಒಂದೇ ಕಾಯ್ದೆಯ ಒಂದು ತುದಿಯಲ್ಲಿ ನೇಣು, ಇನ್ನೊಂದು ತುದಿಯಲ್ಲಿ ನನ್ನ ಬ್ಯಾನರಿನ 500 ರೂಪಾಯಿ. ಗಂಭೀರ ಉಲ್ಲಂಘನೆ ಮಾಡಿದವನು ಎಲ್ಲಿ ಸಿಕ್ಕರೂ, ಯಾವ ದೇಶದವನಾದರೂ, ವಿಚಾರಣೆ ಮಾಡಬೇಕು ಇಲ್ಲವೇ ಮಾಡುವವರಿಗೆ ಒಪ್ಪಿಸಬೇಕು ಅಂತ ಒಪ್ಪಂದ ಹೇಳುತ್ತದೆ. 2002ರಿಂದ ಹೇಗ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇದೆ. ಅಮೆರಿಕ, ರಷ್ಯಾ, ಚೀನಾ, ಭಾರತ ಅದರ ಸದಸ್ಯರಲ್ಲ. ದೊಡ್ಡವರನ್ನು ಹಿಡಿಯುವುದು ಕಷ್ಟ, ಇದನ್ನು ಮುಚ್ಚಿಡಲು ಏನೂ ಇಲ್ಲ. ಮುರಿದದ್ದು ಟೀವಿಯಲ್ಲಿ ಬರುತ್ತದೆ. ಬರೆದ ಕಾರ್ಡು, ಬದಲಾದ ಹಡಗು, ಗಡಿ ದಾಟಿ ಬಂದ ಪೈಲಟ್, ಜನವರಿ 1ರ ಪಟ್ಟಿ, ಇವೆಲ್ಲ ಒಂದು ದಿನದ ಸುದ್ದಿ.

ಆರೋಗ್ಯ ಶಿಬಿರದ ಹಿಂದಿನ ಸಂಜೆ ಮತ್ತೆ ಫ್ಲೆಕ್ಸ್ ಅಂಗಡಿಗೆ ಹೋದೆ. ಕೆಂಪು ಬೇಡ, ಹಸಿರು ಪ್ಲಸ್ ಹಾಕಿಕೊಡು ಅಂದೆ. ಹುಡುಗ ಯಾಕೆ ಅಂದ. ಯುದ್ಧದ್ದಂತೆ ಅಂದೆ. ಅವನು ನನ್ನ ಮುಖ ನೋಡಿ, ಏನೂ ಹೇಳದೆ ಹಸಿರು ಹಾಕಿ, ಎರಡನೇ ಸಲದ ದುಡ್ಡು ಪೂರ್ತಿ ತೆಗೆದುಕೊಂಡ. ಹಳೆಯ ಬ್ಯಾನರ್ ಗಟ್ಟಿಯಾಗಿತ್ತು, ಎಸೆಯಲು ಮನಸ್ಸಾಗಲಿಲ್ಲ. ಆ ಮಳೆಗಾಲವಿಡೀ ಅದು ನನ್ನ ಬೈಕಿನ ಮೇಲೆ ಹೊದಿಕೆಯಾಗಿತ್ತು, ಪ್ಲಸ್ ಒಳಮುಖವಾಗಿ.